ಕಲಿಕಾ ಫಲ ಆಧಾರಿತ ಪಾಠ ಯೋಜನೆ: ಗ್ರಾಮ ಪಂಚಾಯಿತಿ ಸದಸ್ಯರ ಮಾಹಿತಿಗಾಗಿ

ಕಾಮಗಾರಿಯ ಬಿಲ್ಲು ಪಾವತಿಯಾಗುವುದು ಅಳತೆ ಪುಸ್ತಕದಲ್ಲಿ ದಾಖಲಾದ ಕೆಲಸಕ್ಕೇ ಹೊರತು, ಕಾಮಗಾರಿ ಎಷ್ಟು ದಿನ ನಡೆಯಿತೆಂಬುದಕ್ಕಲ್ಲ. ಸದಸ್ಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಶಾಲೆಯ ವಿಷಯ ಬಂದಾಗ ಸಭೆಗಳಲ್ಲಿ ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆ ‘ಪಾಠಗಳು ಎಲ್ಲಿಯವರೆಗೆ ಮುಗಿದಿವೆ?’ ಎಂಬುದು. ಮಗುವಿಗೆ ಏನು ಬಂದಿದೆ ಎಂಬುದು ಇದರಿಂದ ತಿಳಿಯದು.

ಪಾಠದ ಕೊನೆಗೆ ಮಗು ತಾನಾಗಿ ಏನನ್ನು ಮಾಡಬಲ್ಲುದಾಗಬೇಕೋ ಅದೇ ಕಲಿಕಾ ಫಲ. ತರಗತಿವಾರು ಕಲಿಕಾ ಫಲಗಳನ್ನು ಎನ್‌ಸಿಇಆರ್‌ಟಿ 2017ರಲ್ಲಿ ಪ್ರಕಟಿಸಿತು. 2021ರಲ್ಲಿ ಆರಂಭವಾದ ನಿಪುಣ್ ಭಾರತ್ ಯೋಜನೆಯು, ಮೂರನೆಯ ತರಗತಿಯ ಕೊನೆಗೆ ಮಗು ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥಸಹಿತ ಓದಬೇಕು, 9999ರವರೆಗಿನ ಸಂಖ್ಯೆಗಳನ್ನು ಓದಿ ಬರೆಯಬೇಕು ಎಂಬ ಗುರಿಯನ್ನು ನಿಗದಿಪಡಿಸಿದೆ.

ಹೀಗೆ ಯೋಜಿಸುವ ಶಿಕ್ಷಕರು ಮೊದಲು ಫಲವನ್ನು, ಅನಂತರ ಅದು ದೊರೆತಿದೆಯೆಂದು ಅರಿಯುವ ಬಗೆಯನ್ನು ನಿರ್ಧರಿಸುತ್ತಾರೆ. ಚಟುವಟಿಕೆ ಮತ್ತು ಪುಸ್ತಕದ ಪುಟ ಕೊನೆಗೆ ಬರುತ್ತವೆ.

ಬಿಳಿಗಿರಿರಂಗನ ಬೆಟ್ಟದ ಪೋಡಿನಿಂದ ಬರುವ ಸೋಲಿಗ ಮಗುವಿಗೆ ಮೂರನೆಯ ತರಗತಿಯ ‘ತೂಕ’ ಪಾಠವನ್ನು ಯೋಜಿಸುವುದನ್ನು ಉದಾಹರಣೆಯಾಗಿ ನೋಡಬಹುದು. ಫಲ: ವಸ್ತುವಿನ ತೂಕವನ್ನು ಅಂದಾಜಿಸಿ, ತೂಗಿ, ಕಿಲೋಗ್ರಾಂ ಮತ್ತು ಗ್ರಾಂಗಳಲ್ಲಿ ಬರೆಯುವುದು. ಅರಿಯುವ ಬಗೆ: ಪ್ರತಿಯೊಂದು ಮಗುವೂ ಒಂದು ಚೀಲ ನೆಲ್ಲಿಕಾಯಿಯ ತೂಕವನ್ನು ಊಹಿಸಿ, ತಾನೇ ತೂಗಿ, ವ್ಯತ್ಯಾಸವನ್ನು ಹೇಳುವುದು. ಇದಿಷ್ಟು ನಿಶ್ಚಯವಾದ ಮೇಲೆ ತಕ್ಕಡಿ, ಬಟ್ಟು, ರಾಗಿ, ನೆಲ್ಲಿಕಾಯಿ ತರಗತಿಗೆ ಬರುತ್ತವೆ. ಪುಸ್ತಕದ ತಕ್ಕಡಿಯ ಚಿತ್ರವನ್ನಷ್ಟೇ ನೋಡಿದ ಮಗು ‘1 ಕಿಲೋಗ್ರಾಂಗೆ 1000 ಗ್ರಾಂ’ ಎಂದು ಸರಿಯಾಗಿಯೇ ಬರೆಯಬಹುದು. ತಕ್ಕಡಿಯ ಮುಂದೆ ನಿಲ್ಲಿಸಿದರೆ ತಡವರಿಸಬಹುದು. ಬೆಟ್ಟದ ಸೋಲಿಗರ ಸಮುದಾಯ ಹಕ್ಕುಗಳಿಗೆ 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಮಾನ್ಯತೆ ದೊರೆತಿದೆ. ಜೇನು, ನೆಲ್ಲಿಕಾಯಿಗಳನ್ನು ಸಂಗ್ರಹಿಸಿ ಮಾರುವ ಕುಟುಂಬಕ್ಕೆ ತೂಕದ ಚೀಟಿಯನ್ನು ಓದಬಲ್ಲ ಮಗು ಎಂದರೆ ಆ ಹಕ್ಕಿನ ಲೆಕ್ಕವನ್ನು ನೋಡಿಕೊಳ್ಳಬಲ್ಲವರು ಮನೆಯಲ್ಲೇ ಇದ್ದಂತೆ.

ಮನೆಯಲ್ಲಿ ಸೋಲಿಗ ನುಡಿಯಾಡುವ ಮಗು ಮೊದಲ ವರ್ಷ ಸುಮ್ಮನಿದ್ದರೆ ಅದನ್ನು ದಡ್ಡತನವೆಂದು ಭಾವಿಸಬಾರದು. ತೂಕವನ್ನು ತನ್ನ ಮಾತಿನಲ್ಲೇ ಹೇಳಿದರೂ ಫಲ ದೊರೆತಂತೆಯೇ. ಸಾಧ್ಯವಾದಷ್ಟೂ ಮಾತೃಭಾಷೆಯಲ್ಲಿ ಬೋಧಿಸಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯ 29ನೇ ಪ್ರಕರಣವೂ ಹೇಳುತ್ತದೆ.

ಕಲಿಕಾ ಫಲದ ಕ್ರಮಸಂಖ್ಯೆಯನ್ನು ಪಾಠ ಟಿಪ್ಪಣಿಯ ಮೇಲೆ ಬರೆದು, ಕೆಳಗೆ ಹಿಂದಿನ ವರ್ಷದ ಪಾಠವನ್ನೇ ನಕಲು ಮಾಡಿದರೆ ಶಿಕ್ಷಕರಿಗೆ ಇನ್ನೊಂದು ವಹಿ ಹೆಚ್ಚಾಗುವುದೇ ಹೊರತು ಬೇರೇನೂ ಆಗದು.

ಇದೇ ಕಾಯ್ದೆಯ 9ನೇ ಪ್ರಕರಣವು ಮಕ್ಕಳ ದಾಖಲಾತಿ, ಹಾಜರಾತಿ ಮತ್ತು ಶಿಕ್ಷಣದ ಪೂರ್ಣಗೊಳಿಸುವಿಕೆಯ ಮೇಲ್ವಿಚಾರಣೆಯನ್ನು ಸ್ಥಳೀಯ ಪ್ರಾಧಿಕಾರದ ಕರ್ತವ್ಯವೆಂದು ಗುರುತಿಸಿದೆ. ಹಾಗೆಂದು ಸದಸ್ಯರು ತರಗತಿಗೆ ಹೋಗಿ ಮಕ್ಕಳನ್ನು ಎಲ್ಲರೆದುರು ಪರೀಕ್ಷಿಸುವುದು ತರವಲ್ಲ. ಬೋಧನೆ ಶಿಕ್ಷಕರ ಕೆಲಸ. ಎಸ್‌ಡಿಎಂಸಿ ಸಭೆಯಲ್ಲಿ ಕೇಳಬೇಕಾದುದು ಇಷ್ಟು: ಈ ತಿಂಗಳ ಕಲಿಕಾ ಫಲ ಯಾವುದು, ಎಷ್ಟು ಮಕ್ಕಳು ಅದನ್ನು ತಲುಪಿದ್ದಾರೆ, ಉಳಿದವರಿಗೆ ಏನು ಬೇಕು? ಉತ್ತರ ಒಂದು ತಕ್ಕಡಿಯಾಗಿರಬಹುದು, ಅರಿವು ಕೇಂದ್ರದಿಂದ ಬರಬೇಕಾದ ಓದುವ ಪುಸ್ತಕಗಳಾಗಿರಬಹುದು.

ನೆಲ್ಲಿಕಾಯಿ ಸುಗ್ಗಿಯಲ್ಲಿ ತಂದೆತಾಯಿಯರೊಡನೆ ಕಾಡಿಗೆ ಹೋಗಿ ಮೂರು ವಾರಗಳ ನಂತರ ಮರಳುವ ಮಗುವಿನ ವಿಷಯದಲ್ಲಿ ಈ ದಾಖಲೆ ಬಹಳ ಮುಖ್ಯ. ‘ಆರು ಪಾಠ ತಪ್ಪಿದೆ’ ಎಂಬ ಷರಾ ಶಿಕ್ಷಕರಿಗೆ ದಾರಿ ತೋರದು. ‘ತೂಗಲು ಬರುತ್ತದೆ, ಬರೆಯಲು ಬಾರದು’ ಎಂದಿದ್ದರೆ ಮರುದಿನದ ಪಾಠವನ್ನು ಎಲ್ಲಿಂದ ಆರಂಭಿಸಬೇಕೆಂಬುದು ಅವರಿಗೆ ತಿಳಿಯುತ್ತದೆ.