ನಾಗವರ್ಮರು ಎಷ್ಟು ಮಂದಿ?

ಒಂದೇ ಬೀದಿಯಲ್ಲಿ ಎರಡು 'ಶ್ರೀಕೃಷ್ಣ ಭವನ'ಗಳಿದ್ದರೆ ಅಂಥ ನಷ್ಟವೇನಿಲ್ಲ. ದೋಸೆಯ ರುಚಿಯೇ ಗಿರಾಕಿಗೆ ದಾರಿ ತೋರಿಸುತ್ತದೆ. ನಮ್ಮ ನಾಡಿನಲ್ಲಿ ಹೊಸಹಳ್ಳಿ, ರಾಮಪುರಗಳು ಎಷ್ಟಿದ್ದರೇನು, ಅಂಚೆಯವನು ತಾಲ್ಲೂಕಿನ ಹೆಸರು ನೋಡಿ ಕಾಗದವನ್ನು ಮುಟ್ಟಿಸಿಯಾನು. ಸಾವಿರ ವರ್ಷಗಳಾಚೆಯ ಕವಿಗಳಿಬ್ಬರು ಒಂದೇ ಹೆಸರನ್ನು ಹೊತ್ತು ಬಂದರೆ ಮಾತ್ರ ವಿಳಾಸ ಹೇಳುವವರು ಯಾರು? ಸಾಹಿತ್ಯಚರಿತ್ರೆಯ ಪಾಠ ಹೇಳುವಾಗಲೆಲ್ಲ ನನ್ನನ್ನು ಕಾಡುವ ಹೆಸರು ನಾಗವರ್ಮನದು.

ಮೊದಲನೆಯವನು ಹತ್ತನೆಯ ಶತಮಾನದ ಕೊನೆಯವನು. ವೆಂಗಿ ನಾಡಿನ ಮನೆತನ, ತಂದೆ ವೆಣ್ಣಮಯ್ಯ. ಛಂದಸ್ಸಿನಂಥ ಒಣ ಶಾಸ್ತ್ರವನ್ನು ತನ್ನ ಮಡದಿಯನ್ನು ಸಂಬೋಧಿಸಿ ಹೇಳಿದ 'ಛಂದೋಂಬುಧಿ'ಕಾರನಿವನು. ಬಾಣನ ಗದ್ಯವನ್ನು ಕನ್ನಡ ಚಂಪುವಾಗಿಸಿದ 'ಕರ್ಣಾಟಕ ಕಾದಂಬರಿ'ಯೂ ಇವನದೇ ಎಂಬುದು ರೂಢಿ. ಆದರೆ ಆ ಎರಡು ಕೃತಿಗಳಲ್ಲಿ ಬರುವ ಪೋಷಕರ ಹೆಸರುಗಳು ಬೇರೆಬೇರೆ. ಆದುದರಿಂದ ಕವಿಗಳೂ ಬೇರೆಯೆಂದು ವಾದಿಸಿದ ವಿದ್ವಾಂಸರುಂಟು.

ಎರಡನೆಯ ನಾಗವರ್ಮ ದಾಮೋದರನ ಮಗ. 'ಕಾವ್ಯಾವಲೋಕನ', 'ಕರ್ಣಾಟಕ ಭಾಷಾಭೂಷಣ', 'ವಸ್ತುಕೋಶ' ಇವು ಆತನವು. ಅಲಂಕಾರ, ವ್ಯಾಕರಣ, ನಿಘಂಟು ಮೂರನ್ನೂ ಒಬ್ಬನೇ ಕೈಗೆತ್ತಿಕೊಂಡನಲ್ಲ, ಅದೇ ಸೋಜಿಗ! ಕನ್ನಡದ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲಿ ಹೇಳಿದ ಧೀರ ಈತ. ಈತನ ದೊರೆ ಚಾಲುಕ್ಯ ಜಗದೇಕಮಲ್ಲ. ತೊಡಕು ಹುಟ್ಟುವುದೇ ಇಲ್ಲಿ, ಏಕೆಂದರೆ ಜಗದೇಕಮಲ್ಲರೂ ಇಬ್ಬರು! ಒಬ್ಬನು ಹನ್ನೊಂದನೆಯ ಶತಮಾನದ ಪೂರ್ವಾರ್ಧದ ಜಯಸಿಂಹ. ಇನ್ನೊಬ್ಬನು 1138ರಲ್ಲಿ ಪಟ್ಟವೇರಿದವನು. 'ಕರ್ಣಾಟಕ ಕವಿಚರಿತೆ'ಯನ್ನು ಬರೆದ ಆರ್. ನರಸಿಂಹಾಚಾರ್ಯರು ನಾಗವರ್ಮನನ್ನು ಈ ಎರಡನೆಯವನ ಕಾಲಕ್ಕೆ ಸೇರಿಸಿದರು. ಮುಂದೆ ನಾಗವರ್ಮನ 'ವರ್ಧಮಾನ ಪುರಾಣ' ದೊರೆತು, ಅದರ ಕಾಲ 1042ರ ಸುಮಾರೆಂದು ತಿಳಿದ ಮೇಲೆ, ನಮ್ಮ ವೈಯಾಕರಣನು ಒಮ್ಮೆಗೇ ನೂರು ವರ್ಷ ಹಿಂದಕ್ಕೆ ಸರಿದು ಕುಳಿತನು.

ನೂರು ವರ್ಷ ಹೆಚ್ಚುಕಡಮೆಯಾದರೆ ಕೆಟ್ಟಿತೇನು ಎಂದು ವಿದ್ಯಾರ್ಥಿಯೊಬ್ಬನು ಕೇಳಿದ್ದನು. ನ್ಯಾಯವಾದ ಪ್ರಶ್ನೆಯೇ. 'ಭಾಷಾಭೂಷಣ'ದ ಒಂದು ಸೂತ್ರವು ನಯಸೇನನೆಂಬವನ ಮತವನ್ನು ಹೇಳುತ್ತದೆ. 1112ರ 'ಧರ್ಮಾಮೃತ'ದ ಕವಿ ನಯಸೇನನೇ ಇವನೆಂದಾದರೆ ನಾಗವರ್ಮನು ಅವನಿಗಿಂತ ಈಚಿನವನಾಗಲೇಬೇಕು. ನಾಗವರ್ಮನ ಕಾಲವು 1042 ಎಂದಾದರೆ, ಅವನಿಗೂ ಮೊದಲು ಅದೇ ಹೆಸರಿನ ಬೇರೊಬ್ಬ ವೈಯಾಕರಣನು ಇದ್ದು, ತನ್ನ ಗ್ರಂಥವನ್ನೆಲ್ಲ ಕಳೆದುಕೊಂಡು, ಒಂದು ಸೂತ್ರದ ಮೂಲೆಯಲ್ಲಿ ಮಾತ್ರ ಉಳಿದಿದ್ದಾನೆಂದು ಹೇಳಬೇಕಾಗುತ್ತದೆ. ಅಂದರೆ ನಾಗವರ್ಮನ ವಯಸ್ಸನ್ನು ಎಣಿಸುವಾಗ ಇನ್ನೊಬ್ಬ ಪಂಡಿತನು ಇದ್ದನೋ ಇಲ್ಲವೋ ಎಂಬುದೇ ತೂಗಾಡುತ್ತದೆ.

ಈಚಿನವರು ಜಾಣರು. ವೆಂಕಟೇಶ ಅಯ್ಯಂಗಾರರು ನಾಡಿನಲ್ಲಿ ಅನೇಕರಿದ್ದರೂ 'ಮಾಸ್ತಿ' ಎಂಬ ಊರ ಹೆಸರೊಂದು ನಮ್ಮ ಕಥೆಗಾರರನ್ನು ಬೇರೆಯಾಗಿ ನಿಲ್ಲಿಸಿತು. ವೆ. ನಾಗವರ್ಮ, ದಾ. ನಾಗವರ್ಮ ಎಂದು ಅಂದೇ ಬರೆದಿದ್ದರೆ ನಮಗೆ ಎಷ್ಟು ಉಪಕಾರವಾಗುತ್ತಿತ್ತು!

ಚಾವುಂಡರಾಯರೂ ಇಬ್ಬರುಂಟು, ಅಲ್ಲಿ ಇಷ್ಟು ಪ್ರಯಾಸವಿಲ್ಲ. ಬೆಳ್ಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದವನು 978ರಲ್ಲಿ ತೀರ್ಥಂಕರರ ಕಥೆಯನ್ನು ಗದ್ಯದಲ್ಲಿ ಬರೆದನು. ಇನ್ನೊಬ್ಬನು ಅದೇ ಜಯಸಿಂಹ ಜಗದೇಕಮಲ್ಲನ ಕಾಲದಲ್ಲಿ 'ಲೋಕೋಪಕಾರ'ವನ್ನು ರಚಿಸಿದನು. ಮೋಕ್ಷದ ದಾರಿಯನ್ನು ಹುಡುಕುತ್ತ ಗ್ರಂಥಾಲಯದಲ್ಲಿ ಹೆಸರನ್ನಷ್ಟೇ ನೋಡಿ ಈ ಎರಡನೆಯದನ್ನು ಎತ್ತಿಕೊಂಡವರಿಗೆ, ನೆಲದೊಳಗಿನ ನೀರನ್ನು ಕಂಡುಹಿಡಿಯುವ ಬಗೆಯೂ ಅಡುಗೆಯ ಪಾಕಗಳೂ ದೊರೆಯುತ್ತವೆ.