ಸವೆಯಲೆಂದೇ ಹುಟ್ಟಿದ್ದು

ಹೊಸ ಬ್ರೇಕ್ ಪ್ಯಾಡೊಂದನ್ನು ಅಂಗೈಯಲ್ಲಿಟ್ಟು ನೋಡಿ. ಹಿಂದೆ ಉಕ್ಕಿನ ತಗಡು, ಮುಂದೆ ಮುಟ್ಟಿದರೆ ತರಿತರಿ ಎನ್ನುವ ಬೂದುಗಪ್ಪು ಪದರ. ಆ ಪದರದ ದಪ್ಪ ಹೊಸದರಲ್ಲಿ ಸುಮಾರು 10 ಮಿ.ಮೀ. ಅದು 3 ಮಿ.ಮೀ.ಗೆ ಇಳಿದರೆ ಬದಲಿಸುವ ಕಾಲ ಬಂತೆಂದೇ ಲೆಕ್ಕ. ನಡುವಿನ ಆ 7 ಮಿ.ಮೀ. ತಾನು ಪುಡಿಯಾಗುತ್ತಾ ಸುಮಾರು ಒಂದು ಟನ್ ತೂಕದ ಕಾರನ್ನು ಸಾವಿರಾರು ಸಲ ನಿಲ್ಲಿಸಿರುತ್ತದೆ.

ರಜೆಯ ದಿನ ಮನೆಯ ಮುಂದೆ ಮಾಲೀಕರೇ ಕೂತು ಪ್ಯಾಡ್ ಬದಲಿಸಿಕೊಳ್ಳುವ ಸ್ಪೋರ್ಟ್ಸ್ ಕಾರುಗಳಲ್ಲಿ ಜಪಾನಿನ ಮಾಜ್ದಾ ಎಂಎಕ್ಸ್-5ಗೆ ದೊಡ್ಡ ಹೆಸರು. 1989ರ ಫೆಬ್ರವರಿಯಲ್ಲಿ ಶಿಕಾಗೊ ಪ್ರದರ್ಶನದಲ್ಲಿ ಕಾಣಿಸಿಕೊಂಡ ಈ ಎರಡು ಸೀಟಿನ ತೆರೆದ ಕಾರಿನ ತಯಾರಿಕೆ 2016ರ ಹೊತ್ತಿಗೆ ಹತ್ತು ಲಕ್ಷ ದಾಟಿತು. ಅದರ ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕ್. ಪ್ರಾಣವನ್ನೇ ನಂಬಿ ಒಪ್ಪಿಸುವ ಒಂದು ಭಾಗವನ್ನು ಎರಡು ಪಾನಾ, ಒಂದು ಜಾಕ್ ಇಟ್ಟುಕೊಂಡು ಅಂಗಳದಲ್ಲೇ ಬದಲಿಸಬಹುದು ಎನ್ನುವ ಸ್ಥಿತಿಗೆ ಬರಲು ಮೋಟಾರು ಜಗತ್ತು ನಡೆದ ದಾರಿ ಉದ್ದವಾದದ್ದು. ವಿಶೇಷವೆಂದರೆ, ಆ ದಾರಿಯ ಮೊದಲ ಹೆಜ್ಜೆ ಇಟ್ಟಿದ್ದೂ ಕಾರು ಓಡಿಸುತ್ತಿದ್ದವರೇ.

1888ರ ಆಗಸ್ಟ್. ಜರ್ಮನಿಯ ಬೆರ್ಟಾ ಬೆಂಜ್ ಗಂಡ ಕಾರ್ಲ್ ಬೆಂಜ್‌ಗೆ ಹೇಳದೆ, ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮೂರು ಗಾಲಿಯ ಮೋಟಾರು ಬಂಡಿಯಲ್ಲಿ ಮನ್‌ಹೈಮ್‌ನಿಂದ ತವರೂರು ಫೋರ್ಟ್ಸ್‌ಹೈಮ್‌ಗೆ ಹೊರಟಳು. ನೂರು ಕಿಲೋಮೀಟರಿಗೂ ಮಿಕ್ಕಿದ ಪ್ರಯಾಣ. ಇಳಿಜಾರುಗಳಲ್ಲಿ ಬ್ರೇಕಿನ ಮರದ ತುಂಡುಗಳು ಸವೆದು ಹಿಡಿತ ತಪ್ಪಿದವು. ದಾರಿಯಲ್ಲಿ ಬೂಟು ಹೊಲಿಯುವವನೊಬ್ಬನನ್ನು ಹಿಡಿದು, ಆ ತುಂಡುಗಳ ಮೇಲೆ ಚರ್ಮ ಹೊಡೆಸಿಕೊಂಡು ಆಕೆ ಮುಂದೆ ಸಾಗಿದಳು. ಇಂದಿನ ಪ್ಯಾಡಿನ ವಂಶಾವಳಿಯನ್ನು ನಾನು ಆ ಚರ್ಮದ ತುಂಡಿನಿಂದಲೇ ಎಣಿಸುತ್ತೇನೆ.

ಒಂಬತ್ತು ವರ್ಷಗಳ ನಂತರ ಮತ್ತೆ ಬೂಟಿನದೇ ಕಥೆ. ಇಂಗ್ಲೆಂಡಿನ ಡರ್ಬಿಶೈರ್ ಗುಡ್ಡಗಾಡಿನಲ್ಲಿ ಕುದುರೆಗಾಡಿಯವರು ಇಳಿಜಾರಿನಲ್ಲಿ ಹಳೆಯ ಬೂಟನ್ನು ಗಾಲಿಗೆ ಒತ್ತಿ ವೇಗ ತಗ್ಗಿಸುವುದನ್ನು ಹರ್ಬರ್ಟ್ ಫ್ರೂಡ್ ಗಮನಿಸಿದ. ಹಾಗಿದ್ದರೆ ಆ ಕೆಲಸಕ್ಕೆಂದೇ ಒಂದು ವಸ್ತು ಯಾಕಿರಬಾರದು? 1897ರಲ್ಲಿ ಆತ ಶುರುಮಾಡಿದ ಉದ್ಯಮವೇ ಫೆರೊಡೊ. ಫ್ರೂಡ್ ಎಂಬ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಕಲಸಿ, ಹೆಂಡತಿ ಎಲಿಜಬೆತ್‌ಳ ಮೊದಲಕ್ಷರವನ್ನೂ ಸೇರಿಸಿ ಕಟ್ಟಿದ ಹೆಸರು ಅದು. ಮೊದಮೊದಲು ಹತ್ತಿಯ ಪಟ್ಟಿಗೆ ರಾಳ ಕುಡಿಸಿದರು. ಹತ್ತಿ ಕರಕಲಾಗುತ್ತಿತ್ತು. ಆಗ ಬಂದದ್ದು ಕಲ್ನಾರು. ಬೆಂಕಿಗೆ ಜಗ್ಗದ, ಅಗ್ಗದ ಆ ನಾರು ಮುಂದಿನ ಹಲವು ದಶಕ ಬ್ರೇಕುಗಳನ್ನು ಆಳಿತು. ಗ್ಯಾರೇಜುಗಳಲ್ಲಿ ಗಾಳಿ ಹೊಡೆದು ಅದರ ಪುಡಿಯನ್ನು ಹಾರಿಸುತ್ತಿದ್ದ ಎಷ್ಟೋ ಮೆಕ್ಯಾನಿಕ್‌ಗಳ ಶ್ವಾಸಕೋಶಕ್ಕೆ ಅದು ವಿಷವಾಯಿತು. ಬ್ರಿಟನ್ ಅದನ್ನು ಪೂರ್ತಿ ನಿಷೇಧಿಸುವ ಹೊತ್ತಿಗೆ 1999 ಬಂದಿತ್ತು. ಇಷ್ಟು ತಡವಾದದ್ದಕ್ಕೆ ಕ್ಷಮೆಯಿಲ್ಲ.

ಚಕ್ರದ ಜೊತೆ ತಿರುಗುವ ತಟ್ಟೆಯನ್ನು ಪ್ಯಾಡುಗಳಿಂದ ಅದುಮಿ ನಿಲ್ಲಿಸುವ ಡಿಸ್ಕ್ ಬ್ರೇಕಿನ ಕಲ್ಪನೆ ಹಳೆಯದು. ಬರ್ಮಿಂಗ್‌ಹ್ಯಾಮಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಪೇಟೆಂಟ್ ಪಡೆದಿದ್ದ. ಅವನ ಪ್ಯಾಡುಗಳು ತಾಮ್ರದವು. ಲೋಹಕ್ಕೆ ಲೋಹ ಉಜ್ಜಿ ಕಿವಿ ಕೊರೆಯುವ ಕಿರುಚಾಟ, ಮಣ್ಣುದಾರಿಯ ಧೂಳಿಗೆ ಬೇಗ ಸವೆತ. ಗೆದ್ದದ್ದು, ಒಳಗಿನಿಂದ ಶೂ ಎಂಬ ಬಾಗಿದ ಪಟ್ಟಿಗಳು ಒತ್ತುವ ಮುಚ್ಚಿದ ಡ್ರಮ್ಮೇ.

ಆದರೆ ಡ್ರಮ್ಮಿಗೆ ಒಂದು ಹುಟ್ಟುದೋಷವಿದೆ. ಬಿಸಿ ಒಳಗೇ ಉಳಿಯುತ್ತದೆ. ಬಿಸಿಯಾದ ಡ್ರಮ್ ಹಿಗ್ಗಿ ಶೂವಿನಿಂದ ದೂರ ಸರಿಯುತ್ತದೆ. ತುಳಿದಷ್ಟೂ ಪೆಡಲ್ ಕೆಳಗಿಳಿಯುತ್ತದೆ, ಕಾರು ಮಾತ್ರ ನಿಲ್ಲದು. ಡಿಸ್ಕ್ ಹಿಗ್ಗಿದರೆ ಪ್ಯಾಡಿನ ಕಡೆಗೇ ಹಿಗ್ಗುತ್ತದೆ, ಗಾಳಿಗೂ ಮೈಯೊಡ್ಡಿರುತ್ತದೆ. ವಿಮಾನಗಳಿಗೆ ಡಿಸ್ಕ್ ಬ್ರೇಕ್ ಮಾಡುತ್ತಿದ್ದ ಡನ್‌ಲಪ್ ಜೊತೆ ಸೇರಿ ಜಾಗ್ವಾರ್ ಇದನ್ನು ತನ್ನ ಸಿ-ಟೈಪ್ ಕಾರಿಗೆ ಒಗ್ಗಿಸಿತು. 1953ರ ಲ ಮಾನ್ 24 ಗಂಟೆಗಳ ರೇಸು. ಸುಮಾರು 6 ಕಿ.ಮೀ. ನೇರ ದಾರಿಯ ತುದಿಯಲ್ಲಿ ಒಮ್ಮೆಲೇ ಬಲಕ್ಕೆ ತಿರುವು. ಡ್ರಮ್ ಬ್ರೇಕಿನವರು ಅಂಜಿ ದೂರದಿಂದಲೇ ಬ್ರೇಕ್ ತುಳಿಯುತ್ತಿದ್ದರೆ, ಜಾಗ್ವಾರಿನವರು ತಿರುವಿನ ಹತ್ತಿರದವರೆಗೂ ವೇಗ ಬಿಡಲಿಲ್ಲ, ಅದೂ ಸುತ್ತಿನ ಮೇಲೆ ಸುತ್ತು. ಟೋನಿ ರೋಲ್ಟ್, ಡಂಕನ್ ಹ್ಯಾಮಿಲ್ಟನ್ ಜೋಡಿ ಗಂಟೆಗೆ 170 ಕಿ.ಮೀ. ಸರಾಸರಿಯಲ್ಲಿ ಗೆದ್ದಿತು. 1956ಕ್ಕೆ ಟ್ರಯಂಫ್ ಟಿಆರ್3 ಎಂಬ, ಮಧ್ಯಮ ವರ್ಗದವರೂ ಕೊಳ್ಳಬಹುದಾದ ಸ್ಪೋರ್ಟ್ಸ್ ಕಾರಿನ ಮುಂದಿನ ಚಕ್ರಗಳಿಗೆ ಡಿಸ್ಕ್ ಬಂತು.

ಮನೆಯಲ್ಲಿ ಬ್ರೇಕ್ ಬಿಚ್ಚುವವನಿಗೂ ಡಿಸ್ಕಿನಿಂದ ದಾರಿ ಸಲೀಸಾಯಿತು. ಡ್ರಮ್ಮಿನೊಳಗೆ ಸ್ಪ್ರಿಂಗುಗಳ ಜಂಜಾಟ. ಶೂಗಳಿಗೆ ರಿವೆಟ್ ಬಡಿದು ಲೈನರ್ ಹಾಕಿಸಲು ವರ್ಕ್‌ಶಾಪಿಗೇ ಹೋಗಬೇಕಿತ್ತು. ಡಿಸ್ಕಿನಲ್ಲಿ ಚಕ್ರ ಕಳಚಿದರೆ ಎಲ್ಲವೂ ಕಣ್ಣೆದುರಿಗೆ. ಹಲವು ಪೋರ್ಶೆ 911ಗಳಲ್ಲಂತೂ ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರನ್ನು ಕೆಳಗಿಳಿಸುವುದೇ ಬೇಡ. ಅಡ್ಡಪಿನ್ನು ತಟ್ಟಿ ತೆಗೆದರೆ ಪ್ಯಾಡ್ ಜಾರಿ ಹೊರಬರುತ್ತದೆ.

ಎಂಎಕ್ಸ್-5ರಲ್ಲಿ ಪ್ಯಾಡ್ ಬದಲಿಸುವ ಕೆಲಸವನ್ನೇ ನೋಡೋಣ. ಚಕ್ರದ ನಟ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಸಡಿಲಿಸಿ, ಆಮೇಲೆ ಜಾಕ್ ಏರಿಸಬೇಕು. ಜಾಕ್ ಒಂದನ್ನೇ ನಂಬಬಾರದು. ಸ್ಟ್ಯಾಂಡ್ ಕೊಡದೆ ಕೈ ಹಾಕಲೇಬಾರದು. ಮುಂದಿನ ಕ್ಯಾಲಿಪರಿನ ಕೆಳಗಿನ ಬೋಲ್ಟು ಬಿಚ್ಚಿದರೆ ಅದು ಪೆಟ್ಟಿಗೆಯ ಮುಚ್ಚಳದಂತೆ ಮೇಲೇಳುತ್ತದೆ. ಹಳೆಯ ಪ್ಯಾಡ್ ತೆಳುವಾದಷ್ಟೂ ಅದನ್ನು ಒತ್ತುವ ಪಿಸ್ಟನ್ ಹೊರಗೆ ಬಂದಿರುತ್ತದೆ, ದಪ್ಪನೆಯ ಹೊಸದಕ್ಕೆ ಜಾಗ ಬೇಕು. ಹಳೆಯ ಪ್ಯಾಡನ್ನೇ ಅಡ್ಡವಿಟ್ಟು ಕ್ಲ್ಯಾಂಪಿನಿಂದ ನಿಧಾನಕ್ಕೆ ಒತ್ತಿದರೆ ಪಿಸ್ಟನ್ ಒಳಸರಿಯುತ್ತದೆ. ಅತ್ತ ಬಾನೆಟ್ಟಿನಡಿಯ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಮೇಲೇರುತ್ತದೆ. ಅದು ತುಳುಕಿದರೆ ಕಾರಿನ ಬಣ್ಣವನ್ನು ತಿನ್ನುತ್ತದೆ.

ಹಿಂದಿನ ಚಕ್ರದಲ್ಲಿ ಈ ಉಪಾಯ ನಡೆಯದು. ಹ್ಯಾಂಡ್‌ಬ್ರೇಕಿನ ಯಂತ್ರ ಪಿಸ್ಟನ್ನಿನ ಬೆನ್ನಿಗೇ ಇರುವುದರಿಂದ ಒತ್ತಿದರೆ ಅದು ಅಲ್ಲಾಡುವುದಿಲ್ಲ. ಮೊದಲ ತಲೆಮಾರಿನ ಎಂಎಕ್ಸ್-5ರಲ್ಲಿ ಕ್ಯಾಲಿಪರಿನ ಹಿಂದಿನ ಒಂದು ಬೋಲ್ಟು ತೆಗೆದರೆ ಒಳಗೆ ಪುಟ್ಟ ತಿರುಪು, 4 ಮಿ.ಮೀ. ಅಲನ್ ಕೀಯಲ್ಲಿ ತಿರುಗಿಸಿದರೆ ಪಿಸ್ಟನ್ ವಿಧೇಯವಾಗಿ ಹಿಂದೆ ಸರಿಯುತ್ತದೆ. ಇದನ್ನು ಯೋಚಿಸಿದ ಎಂಜಿನಿಯರಿಗೆ ಅಂಗಳದಲ್ಲಿ ಮೊಣಕಾಲೂರಿ ಕೂತವನ ಕಷ್ಟ ಗೊತ್ತಿತ್ತು ಎಂದು ನನಗನಿಸುತ್ತದೆ.

ಬ್ರೇಕಿನ ಸುತ್ತ ಕೂತ ಪುಡಿಯನ್ನು ಊದಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಕಲ್ನಾರು ಹೋದರೂ ಪುಡಿಯ ಪಾಪ ಮುಗಿದಿಲ್ಲ. ಪ್ಯಾಡಿನ ತಾಮ್ರ ಮಳೆನೀರಿನೊಡನೆ ಹೊಳೆ ಸೇರಿ ಸಾಲ್ಮನ್ ಮೀನಿನ ವಾಸನಾಶಕ್ತಿಯನ್ನೇ ಕೆಡಿಸುತ್ತದೆ. ಅದಕ್ಕಾಗಿ ಅಮೆರಿಕದ ವಾಷಿಂಗ್ಟನ್, ಕ್ಯಾಲಿಫೋರ್ನಿಯಾ ರಾಜ್ಯಗಳು 2010ರಲ್ಲೇ ಕಾನೂನು ತಂದವು. 2025ರಿಂದ ಅಲ್ಲಿ ಮಾರುವ ಹೊಸ ಪ್ಯಾಡಿನಲ್ಲಿ ತಾಮ್ರ ಶೇ 0.5 ಮೀರುವಂತಿಲ್ಲ. ಯುರೋಪಿನ ಯೂರೋ 7 ನಿಯಮ ಬ್ರೇಕಿನ ಪುಡಿಯನ್ನೂ ಹೊಗೆಯಂತೆಯೇ ಅಳೆಯುತ್ತದೆ. ಪೆಟ್ರೋಲ್ ಕಾರಿಗೆ ಕಿಲೋಮೀಟರಿಗೆ 7 ಮಿಲಿಗ್ರಾಂ ಮಿತಿ.

ಚಕ್ರ ಕೂರಿಸಿ, ನಟ್ಟು ಬಿಗಿದು, ಕಾರು ಇಳಿಸಿದ ಮೇಲೆ ಎಂಜಿನ್ ಚಾಲೂ ಮಾಡುವ ಮೊದಲೇ ಪೆಡಲ್ ತುಳಿಯಬೇಕು. ಮೊದಲ ತುಳಿತಕ್ಕೆ ಅದು ಏನೂ ಇಲ್ಲದಂತೆ ನೆಲಕ್ಕೇ ಇಳಿಯುತ್ತದೆ, ಎದೆ ಝಲ್ಲೆನ್ನುತ್ತದೆ. ಒಳಸರಿದ ಪಿಸ್ಟನ್ನುಗಳು ಇನ್ನೂ ಪ್ಯಾಡನ್ನು ಮುಟ್ಟಿಲ್ಲ, ಅಷ್ಟೆ. ಎರಡನೆಯ ಸಲ ತುಸು ಮೇಲೆ ನಿಲ್ಲುತ್ತದೆ, ಮೂರನೆಯ ಸಲ ಇನ್ನೂ ಮೇಲೆ. ನಾಲ್ಕೋ ಐದೋ ತುಳಿತಕ್ಕೆ ಪಾದದಡಿ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ.