ಜಾರುವ ಚಕ್ರಕ್ಕೆ ಕಡಿವಾಣ

ಹೊಸ ವಾಹನ ಕೊಳ್ಳಹೊರಟ ಸದಸ್ಯರು, "ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇದ್ದರೆ ಮಳೆಗಾಲದಲ್ಲಿ ಹೂತುಕೊಳ್ಳುವುದಿಲ್ಲವಂತೆ, ಹೌದೇ?" ಎಂದು ಕೇಳುವುದುಂಟು. ಇದರಲ್ಲಿ ಹಲವು ಬಗೆಗಳಿವೆ. ಓಟದ ಕಾರಿಗೆ ಒಪ್ಪುವುದು ತೋಟದ ಗಾಡಿಗೆ ಒಪ್ಪಬೇಕೆಂದಿಲ್ಲ.

ತಿರುವಿನಲ್ಲಿ ಹೊರಬದಿಯ ಚಕ್ರವು ಒಳಬದಿಯ ಚಕ್ರಕ್ಕಿಂತ ಹೆಚ್ಚು ದೂರ ಕ್ರಮಿಸಬೇಕು. ಅದಕ್ಕೆ ಅವಕಾಶ ಮಾಡಿಕೊಡುವುದೇ ಡಿಫರೆನ್ಷಿಯಲ್. ಆದರೆ ಸಾಧಾರಣ ಡಿಫರೆನ್ಷಿಯಲ್ ಎರಡು ಚಕ್ರಗಳಿಗೂ ಸಮನಾದ ಬಲವನ್ನೇ ಹಂಚುತ್ತದೆ. ಕೆಸರಿನಲ್ಲಿರುವ ಚಕ್ರ 10 ಪಾಲು ಬಲಕ್ಕೇ ಜಾರಿದರೆ, ಗಟ್ಟಿ ನೆಲದ ಚಕ್ರಕ್ಕೂ ದಕ್ಕುವುದು 10 ಪಾಲೇ. ಒಂದು ಚಕ್ರ ಗರಗರ ತಿರುಗುತ್ತದೆ, ಗಾಡಿ ನಿಂತಲ್ಲೇ ನಿಲ್ಲುತ್ತದೆ.

ಈ ದೋಷಕ್ಕೆ ಮುಖ್ಯವಾಗಿ ನಾಲ್ಕು ಪರಿಹಾರಗಳಿವೆ.

1. ಪ್ಲೇಟಿನ ಬಗೆ: ಕ್ಲಚ್ಚಿನಂತಹ ಪ್ಲೇಟುಗಳು ಎರಡು ಆಕ್ಸಲುಗಳನ್ನೂ ಬಿಗಿಹಿಡಿಯುತ್ತವೆ. ಸ್ಪ್ರಿಂಗಿನ ಒತ್ತಡವಿರುವ ಮಾದರಿಗಳಲ್ಲಿ ಒಂದು ಚಕ್ರ ನೆಲ ಬಿಟ್ಟರೂ ಇನ್ನೊಂದಕ್ಕೆ ಸ್ವಲ್ಪ ಬಲ ಸಿಗುತ್ತದೆ. ಬಿಗಿಯನ್ನು ಬೇಕಾದಂತೆ ಹೊಂದಿಸಬಹುದಾದ್ದರಿಂದ ರ‍್ಯಾಲಿ ಕಾರುಗಳಲ್ಲಿ ಇದಕ್ಕೆ ಮನ್ನಣೆ. ಪ್ಲೇಟುಗಳು ಸವೆಯುತ್ತವೆ, ಇದಕ್ಕೆಂದೇ ಇರುವ ಆಯಿಲ್ ಹಾಕದಿದ್ದರೆ ತಿರುವಿನಲ್ಲಿ ಅದುರುತ್ತದೆ.

2. ಗೇರಿನ ಬಗೆ: ಟಾರ್ಸೆನ್ ಇದರಲ್ಲಿ ಪ್ರಸಿದ್ಧ. 1980ರಲ್ಲಿ ಬಂದ ಆಡಿ ಕ್ವಾಟ್ರೊ ಕಾರಿನ ಮಧ್ಯದ ಡಿಫರೆನ್ಷಿಯಲ್‌ಗೆ 1987ರ ಸುಮಾರಿಗೆ ಇದನ್ನೇ ಅಳವಡಿಸಿದರು. ಜಾರುವ ಚಕ್ರ ತಡೆದುಕೊಳ್ಳುವ ಬಲದ ಕೆಲವು ಪಟ್ಟನ್ನು ಇದು ಇನ್ನೊಂದಕ್ಕೆ ಕೊಡುತ್ತದೆ. ಮೂರು ಪಟ್ಟೆಂದರೆ 10ಕ್ಕೆ 30. ಆದರೆ ಚಕ್ರ ಗಾಳಿಯಲ್ಲಿ ತೇಲಿದರೆ ಸೊನ್ನೆಯ ಮೂರು ಪಟ್ಟೂ ಸೊನ್ನೆಯೇ! ಒಳ್ಳೆಯ ರಸ್ತೆಯ ವೇಗದ ಕಾರಿಗೆ ಉತ್ತಮ, ಸವೆತವೂ ಕಡಿಮೆ.

3. ವಿಸ್ಕಸ್ ಬಗೆ: ಪ್ಲೇಟುಗಳ ನಡುವೆ ಮಂದವಾದ ಸಿಲಿಕೋನ್ ದ್ರವವಿರುತ್ತದೆ. ಚಕ್ರ ಜಾರಿದ ಮೇಲಷ್ಟೇ ಹಿಡಿತ ಬರುವುದರಿಂದ ಕೆಲಸ ತಡ.

4. ಲಾಕ್: ಇದು ಎರಡು ಚಕ್ರಗಳನ್ನೂ ಒಂದಾಗಿ ಕಟ್ಟಿಹಾಕುತ್ತದೆ. ಗಟ್ಟಿ ನೆಲದ ಚಕ್ರಕ್ಕೆ ಪೂರ್ಣ ಬಲ ದೊರೆಯುತ್ತದೆ. ನಮ್ಮ ಟ್ರ್ಯಾಕ್ಟರುಗಳಲ್ಲಿ ಕಾಲಿನಿಂದ ಒತ್ತುವ ಪೆಡಲ್ ಇದೇ.

ಹೀಗಾಗಿ, ಚರಂಡಿಯ ಅಂಚಿನಲ್ಲಿ ಒಂದು ಚಕ್ರ ತೂಗಾಡುವಂತಹ ತೋಟದ ದಾರಿಗೆ ಲಾಕ್ ಇರುವ ಗಾಡಿಯೇ ಸೂಕ್ತ. ಬರೀ ಟಾರು ರಸ್ತೆಯಲ್ಲಿ ಓಡಾಡುವವರು ಅದಕ್ಕಾಗಿ ಹೆಚ್ಚು ಹಣ ತೆರಬೇಕಾಗಿಲ್ಲ.

ಚಾಲಕರಿಗೆ ಎರಡು ಮಾತುಗಳನ್ನು ತಪ್ಪದೆ ತಿಳಿಸಿರಿ. ಲಾಕ್ ಹಾಕಿಕೊಂಡು ತಿರುವು ತೆಗೆದುಕೊಳ್ಳಕೂಡದು. ಸ್ಟೇರಿಂಗಿಗೆ ಗಾಡಿ ಬಗ್ಗದೆ ನೇರ ನುಗ್ಗುತ್ತದೆ, ಇಳಿಜಾರಿನಲ್ಲಿ ಇದು ಪ್ರಾಣಕ್ಕೇ ಸಂಚಕಾರ. ಲಿಮಿಟೆಡ್ ಸ್ಲಿಪ್ ಇರುವ ಗಾಡಿಯ ಒಂದೇ ಹಿಂಚಕ್ರವನ್ನು ಜಾಕ್ ಮೇಲೆತ್ತಿ, ಎಂಜಿನ್ ಚಾಲೂ ಮಾಡಿ ಗೇರಿಗೆ ಹಾಕಲೇಬಾರದು. ನೆಲದಲ್ಲಿರುವ ಚಕ್ರವೂ ತಿರುಗಿ ಗಾಡಿ ಜಾಕಿನಿಂದ ಜಿಗಿಯುತ್ತದೆ. ಕೆಳಗೆ ಮಲಗಿ ಕೆಲಸ ಮಾಡುತ್ತಿರುವವನಿಗೆ ತಪ್ಪಿಸಿಕೊಳ್ಳಲು ಅವಕಾಶವೇ ಇರದು.